ಎಬ್ಬಿಸುವ ಕ್ರಮ

ಕಾರಟಗಿಯ ಮಿಲ್ಲಿನಲ್ಲಿ ರಾತ್ರಿ ಎರಡೂ ನಲವತ್ತು.
ಹದಿನೇಳನೇ ಸಲವೋ ಏನೋ, ಸ್ವಿಚ್ಚು ಆರಿಸಿ ಹಾಕಿದೆ.
ಅಕ್ಕಿ ಆರಿಸುವ ಯಂತ್ರ ಮತ್ತೆ ಅದೇ ಸಾಲಿಗೆ ಬಂದು
ನಿಂತಿತು.
ಕರಿಕಾಳು ಬಿಳಿಕಾಳು ಬೇರೆ ಮಾಡುವ ಅದರ ಕಣ್ಣು
ಅರ್ಧ ತೆರೆದೇ ಇದೆ. ರೆಪ್ಪೆ ಬಡಿಯುತ್ತಿಲ್ಲ.

ಸಂಜೆ ಹೊಸ ಕರ್ನಲ್ ಹಾಕಿದವಳು ನಾನೇ.
ತೊಡೆಯ ಮೇಲೆ ಲ್ಯಾಪ್‌ಟಾಪು, ಅದರಿಂದ ಮೂರು ತಂತಿ
ಹಸಿರು ಬೋರ್ಡಿಗೆ. ಬೋರ್ಡಿನ ಮೇಲೆ ತೌಡಿನ ಧೂಳು.
ಸಾಲುಗಳು ಇಳಿಯುತ್ತವೆ:
ಗಡಿಯಾರ, ಸರಿ. ಟೈಮರು, ಸರಿ. ಯುಎಸ್‌ಬಿ, ಸರಿ.
ಪರದೆ —
ಆಮೇಲೆ ಏನೂ ಇಲ್ಲ. ಬೈಗುಳವೂ ಇಲ್ಲ.
ತಪ್ಪು ಹೇಳಿ ಸಾಯುವ ಯಂತ್ರದ ಸಂಗಡ ಬಾಳಬಹುದು,
ಇದು ಮಾತಿನ ನಡುವೆ ಬಾಯಿ ತೆರೆದು ಕಲ್ಲಾಗುತ್ತದೆ.

ಗಾದಿಲಿಂಗಪ್ಪ ಮೇಸ್ತ್ರಿ ಬಾಗಿಲಲ್ಲಿ:
"ಆತೇನ್ರಿ ಮೇಡಂ? ಸಿಂಧನೂರು ಲಾರಿ ನಿಂತೈತಿ."
"ಇಲ್ರಿ."
"ಒಂದ್ಸಲ ಎಲ್ಲಾನೂ ಝಾಡಿಸಿ ಎಬ್ಬಸ್ರಿ ಅತ್ಲಾಗ."

ಅದನ್ನೇ ಅಲ್ಲವೆ ಕರ್ನಲ್ ಮಾಡುತ್ತಿರುವುದು?
ಎದ್ದ ಕೂಡಲೆ ಒಬ್ಬೊಬ್ಬರ ಹೆಗಲು ಹಿಡಿದು ಅಲುಗಿಸಿ
ಹಿಂದಿನದೆಲ್ಲ ಮರೆ, ಮೊದಲಿಂದ ಶುರು, ಎನ್ನುವುದು.
ಪದ್ಧತಿ ಒಳ್ಳೆಯದೇ. ತನಗಿಂತ ಮುಂಚೆ ಬಂದ ಬೂಟ್‌ಲೋಡರು
ಯಾವ ಕೀಲಿ ತಿರುಗಿಸಿತೋ, ಯಾವ ದೀಪ ಉರಿಸಿಟ್ಟಿತೋ,
ಹೇಳದೆ ಕೇಳದೆ ಹೊರಟುಹೋಗಿದೆ,
ಹಿಂದಿನ ಪಾಳಿಯವನು ಬೀಡಿ ತುಂಡು ಬಿಟ್ಟುಹೋದ ಹಾಗೆ.
ನಂಬಬಾರದು. ಒರೆಸಬೇಕು.

ಹೊರಗೆ ಬಂದೆ. ಕುದಿಸಿದ ನೆಲ್ಲಿನ ವಾಸನೆ.
ಲಾರಿಗೆಂದು ಹುಸೇನಮ್ಮ ಹಮಾಲರನ್ನು ಎಬ್ಬಿಸುತ್ತಿದ್ದಳು.
ಒಬ್ಬನಿಗೆ ಹೆಸರು ಸಾಕು, ಒಬ್ಬನಿಗೆ ಚೊಂಬು ನೀರು.
ಗುಮಾಸ್ತ ಕೊಟ್ರಯ್ಯ ಚೀಟಿಯಲ್ಲಿ ಚೀಲ ಎಣಿಸುತ್ತಿದ್ದ,
ಅವನ ಬೆರಳು ಸಾಲಿನ ಕೊನೆ ಮುಟ್ಟುವ ತನಕ
ಸುಮ್ಮನೆ ನಿಂತಳು. ಆಮೇಲೆ ಕರೆದಳು.
ಶಾಮಿದಸಾಬನ ಹತ್ತಿರ ಬಂದವಳು ಕೈ ಹಿಂದಕ್ಕೆ ತಗೊಂಡಳು.
ವಾಲಿದ ಥಪ್ಪಿಗೆ ಬೆನ್ನು ಕೊಟ್ಟು ಮಲಗಿದ್ದ ಅವನು.
"ಇಂವನ್ನ ಮುಟ್ಟಬ್ಯಾಡ್ರಿ. ಮ್ಯಾಲಿನ ಚೀಲ ಇಳಸ್ರಿ ಮದ್ಲ."

ಇದನ್ನು ನೋಡಿ ನನಗೆ ಹೊಳೆಯಿತು ಎಂದರೆ ಕಥೆಯಾದೀತು.
ನಿಜವೆಂದರೆ ಚಹಾ ಕುಡಿದೆ, ಸೊಳ್ಳೆ ಕಚ್ಚಿಸಿಕೊಂಡೆ,
ಒಳಗೆ ಹೋಗಿ ಕೈಪಿಡಿಯ ಸಾವಿರದ ನಾಲ್ಕುನೂರನೇ ಪುಟ ಓದಿದೆ.
ಬೂಟ್‌ಲೋಡರು ಮಿಲ್ಲಿನ ಎರಡಾನೆ ಗುರುತನ್ನು ಪರದೆಗೆ ಹಚ್ಚಿತ್ತು.
ಪರದೆ ಇನ್ನೂ ಅದನ್ನೇ ಗೆರೆಗೆರೆಯಾಗಿ ಬರೆಯುತ್ತಿತ್ತು.
ಎರಡನೇ ಆನೆಯ ಸೊಂಡಿಲ ನಡುವೆ ನಾವು ಅದನ್ನು ಝಾಡಿಸಿದ್ದೆವು.

ಹಾಗಾಗಿ: ಮೊದಲು ಹೊರಬಾಗಿಲು ಮುಚ್ಚು.
ಹಿಡಿದ ಚಿತ್ರ ಮುಗಿಯಲಿ.
ಬಡಿತ ಮಾತ್ರ ನಿಲ್ಲಿಸಬೇಡ, ಎದೆ ನಿಂತವನಿಗೆ
ಏಳು ಎಂದರೆ ಕೇಳುವುದು ಯಾರಿಗೆ?
ಆಮೇಲೆ ಒರೆಸು. ಎದ್ದೆ ಎನ್ನುವ ತನಕ ಕಾಯಿ,
ಕಾಯುವುದಕ್ಕೂ ಒಂದು ಮಿತಿ ಇರಲಿ.

ಪರದೆ ದಾಟಿತು. ದಾಟಿ ಎರಡು ಹೆಜ್ಜೆಗೆ
ಬೋರ್ಡೇ ಕಪ್ಪಾಯಿತು.

ಒಂದು ಪಿನ್ನು. ನೆನಪಿನ ಚಿಪ್ಪಿಗೆ ಕರೆಂಟು ಹಿಡಿದು ನಿಂತದ್ದು.
ಅದನ್ನು ಅಲುಗಿಸಿದರೆ ಅಲುಗಿಸಿದ ಕೈಗೇ ಮರೆತುಹೋಗುತ್ತದೆ
ಯಾರನ್ನು ಎಬ್ಬಿಸಲು ಬಂದಿದ್ದೆ ಎಂದು.
ಅದರ ಮುಂದೆ ಬರೆದೆ: ಮುಟ್ಟಬೇಡ.
ಯಾಕೆ ಎಂಬುದನ್ನೂ ಬರೆದೆ, ಮೂರು ಸಾಲು.
ನನ್ನ ನಂತರ ಬರುವವರಿಗೆ
ಕಸ ಗುಡಿಸುವ ಹುಮ್ಮಸ್ಸು ಇದ್ದೀತು, ನನಗಿದ್ದ ಹಾಗೆ.

ನಾಲ್ಕೂ ಐವತ್ತಕ್ಕೆ ಆ ಕಣ್ಣು ಒಮ್ಮೆ ಮಿಟುಕಿ
ಕರಿಕಾಳು ಟಕಟಕನೆ ಹಾರತೊಡಗಿದವು.
"ಝಾಡಿಸಿದ್ರೇನು?" ಅಂದ ಗಾದಿಲಿಂಗಪ್ಪ.
"ಹೌದ್ರಿ," ಅಂದೆ.

ಹೊರಗೆ ಶಾಮಿದಸಾಬ ಇನ್ನೂ ಮಲಗಿದ್ದ.
ಅವನ ಬೆನ್ನಿನ ಥಪ್ಪಿಯಲ್ಲಿ ಉಳಿದದ್ದು
ಮೂರೇ ಚೀಲ.